ಮೊದಲ ಕೋವಿಯ ಆಯ್ಕೆ



ಸುರಪುರದ ಹೆಸರನ್ನೆತ್ತಿದರೆ ಕೋವಿಯ ಮಾತು ತಾನಾಗಿಯೇ ಹಿಂದೆ ಬರುತ್ತದೆ. ಔರಂಗಜೇಬನು ತಾನೇ ಮುಂದೆ ನಿಂತು ನಡೆಯಿಸಿದ ಕಟ್ಟಕಡೆಯ ಮುತ್ತಿಗೆಯು ೧೭೦೫ರಲ್ಲಿ ಇದೇ ಸೀಮೆಯ ವಾಗಣಗೇರಾ ಕೋಟೆಯ ಮೇಲೆ ನಡೆದದ್ದು. ಅಷ್ಟು ದೊಡ್ಡ ದಂಡನ್ನು ಅಷ್ಟು ದಿನ ತಡೆದದ್ದು ಬೇಡನಾಯಕರ ಬಂದೂಕಿನವರ ಗುರಿ. ೧೮೫೭ರಲ್ಲಿ ಮುಧೋಳದ ಸೀಮೆಯ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸೆಂಬ ಕಾನೂನಿಗೆ ತಲೆಬಾಗದೆ ಹೋರಾಡಿದರು. ಮರುವರುಷ ಸುರಪುರದ ರಾಜಾ ವೆಂಕಟಪ್ಪನಾಯಕನು ಎದ್ದು ನಿಂತನು. ಆಗಿನಿಂದ ಕೋವಿಗೂ ಸರ್ಕಾರದ ಕಾಗದಕ್ಕೂ ಬಿದ್ದ ಗಂಟು ಇಂದಿನವರೆಗೆ ಬಿಚ್ಚಿಲ್ಲ. ಬಿಚ್ಚಲೂಬಾರದೆಂದು ನಾನು ತಿಳಿದವನು. ಆದರೆ ನಾನು ಈಗ ಹೇಳಹೊರಟಿರುವುದು ಯುದ್ಧದ ಕೋವಿಯನ್ನೂ ಅಲ್ಲ, ಬೇಟೆಯ ಕೋವಿಯನ್ನೂ ಅಲ್ಲ. ಬೇಟೆಗೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನು ತೆರೆಯೆಳೆದಿದೆ. ಗಾಳಿಯಲ್ಲಿ ಹಾರಿಬರುವ ಮಣ್ಣಿನ ಬಿಲ್ಲೆಯನ್ನು ಒಡೆಯುವ ಆಟಕ್ಕೆ ಬೇಕಾದ ಚರೆಕೋವಿ ನನ್ನ ವಿಷಯ. ಅದರಲ್ಲಿಯೂ ಕೈಯಲ್ಲಿ ಹೆಚ್ಚು ಹಣವಿಲ್ಲದವನು ಕೊಳ್ಳತಕ್ಕ ಮೊದಲನೆಯ ಕೋವಿ.

ಹಿಂದೆ ಈ ಆಟವನ್ನು ಜೀವಂತ ಪಾರಿವಾಳಗಳನ್ನು ಪೆಟ್ಟಿಗೆಯಿಂದ ಹಾರಿಸಿ ಆಡುತ್ತಿದ್ದರು. ಆಮೇಲೆ ಗಾಜಿನ ಚೆಂಡುಗಳು ಬಂದವು. ೧೮೮೦ರ ಸುಮಾರಿಗೆ ಅಮೆರಿಕದ ಸಿನ್ಸಿನಾಟಿಯ ಲಿಗೌಸ್ಕಿ ಎಂಬಾತನು ಮಣ್ಣಿನ ಬಿಲ್ಲೆಯನ್ನು ಬಳಕೆಗೆ ತಂದನು. ಈಗಿನ ಬಿಲ್ಲೆ ಹೆಸರಿಗೆ ಮಾತ್ರ ಮಣ್ಣಿನದು. ಸುಣ್ಣಕಲ್ಲಿನ ಹುಡಿಯನ್ನು ರಾಳದಂಥ ಅಂಟಿನಲ್ಲಿ ಕಲಸಿ ಅಚ್ಚುಹಾಕಿದ್ದು. ಅಗಲ ೧೧೦ ಮಿಲಿಮೀಟರು, ತೂಕ ಸುಮಾರು ೧೦೫ ಗ್ರಾಮು. ಕೈಯಲ್ಲಿ ಹಿಡಿದರೆ ಚಿಕ್ಕ ತಟ್ಟೆ. ೩೫ ಮೀಟರು ದೂರದಲ್ಲಿ ಗಾಳಿ ಸೀಳಿಕೊಂಡು ಹೋಗುವಾಗ ಒಂದು ಕರಿಯ ಗೆರೆ. ನಮ್ಮ ದೇಶದಲ್ಲಿ ಈ ಆಟಕ್ಕೆ ಮರ್ಯಾದೆ ತಂದವರಲ್ಲಿ ಬಿಕಾನೇರಿನ ಮಹಾರಾಜ ಕರ್ಣಿಸಿಂಹರು ಮೊದಲಿಗರು. ೧೯೬೨ರಲ್ಲಿ ಕೈರೋದ ವಿಶ್ವಸ್ಪರ್ಧೆಯಲ್ಲಿ ಬೆಳ್ಳಿಯ ಪದಕ ಪಡೆದರು. ೨೦೦೪ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ರಾಜ್ಯವರ್ಧನಸಿಂಹ ರಾಠೋಡರ ಬೆಳ್ಳಿಯೂ ಇದೇ ಕುಲದ ಆಟದ್ದು. ಮಹಾರಾಜರ ಆಟವೆಂಬ ಹೆಸರು ಇದಕ್ಕೆ ಅಂಟಿಕೊಂಡದ್ದು ಸಹಜ. ಆದರೆ ನನ್ನ ಬಳಿಗೆ ಬಂದವನು ಮಹಾರಾಜನಲ್ಲ. ನಮ್ಮ ಯಾದಗಿರಿಯ ಕಾಲೇಜಿನಲ್ಲಿ ನನ್ನ ಕೈಕೆಳಗೆ ಭೌತಶಾಸ್ತ್ರ ಓದಿ, ಈಗ ಶಹಾಪುರದ ಬಳಿ ಮಾಸ್ತರಿಕೆ ಮಾಡಿಕೊಂಡಿರುವ ಸುರಪುರದ ಹುಡುಗ.

ಅವನ ಅಜ್ಜ ತೀರಿಕೊಂಡ ಮೇಲೆ ಅವರ ಜೋಡುನಳಿಗೆಯ ಕೋವಿಯನ್ನು ಕಾನೂನಿನಂತೆ ಪರವಾನಗಿಯುಳ್ಳ ವ್ಯಾಪಾರಿಯೊಬ್ಬರ ಬಳಿ ಠೇವಣಿ ಇರಿಸಿದ್ದರು. ಹುಡುಗನ ಹೆಸರಿಗೆ ಪರವಾನಗಿ ಆಗುವ ಹೊತ್ತಿಗೆ ಅವನು ನನ್ನನ್ನು ಅಲ್ಲಿಗೆ ಕರೆದೊಯ್ದ. “ಸರ್, ಇದು ನಮ್ಮ ಮುತ್ಯಾನ ಬಂದೂಕ್ ಅದ. ಇದರಾಗೇ ಬಿಲ್ಲೆ ಹೊಡೀಬೇಕಂತ ಮಾಡೀನಿ. ಹೊಸದಕ್ಕ ರೊಕ್ಕ ಎಲ್ಲಿಂದ ತರಲಿ?” ಎಂದ. ಕೋವಿ ನೋಡಲು ಬಲು ಚೆನ್ನಾಗಿತ್ತು. ಹೊರಗಡೆ ಎರಡು ಕುದುರೆಗಳು, ಸವೆದು ನುಣುಪಾದ ಮರ, ನಳಿಗೆಯ ಮೈಮೇಲೆಲ್ಲ ಹಾವಿನ ಪೊರೆಯಂತೆ ಸುರುಳಿಸುರುಳಿಯಾದ ಚಿತ್ತಾರ. ಆ ಚಿತ್ತಾರವನ್ನು ಕಂಡೊಡನೆ ನನ್ನ ಎದೆ ಝಲ್ಲೆಂದಿತು.

ಏಕೆಂಬುದನ್ನು ವಿವರಿಸಬೇಕು. ಆ ಚಿತ್ತಾರ ಬರಿಯ ಅಲಂಕಾರವಲ್ಲ. ಕಬ್ಬಿಣದ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಸಲಾಕಿಯ ಸುತ್ತ ಸುತ್ತಿ, ಬೆಸೆದು ಮಾಡಿದ ನಳಿಗೆ ಅದು; ಡಮಾಸ್ಕಸ್ ನಳಿಗೆ ಎಂದು ಕರೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕರಿಮದ್ದಿಗೆ ತಕ್ಕುದಾಗಿ ಮಾಡಿದ್ದು. ಇಂದಿನ ತೋಟಾಗಳಲ್ಲಿರುವುದು ಹೊಗೆಯಿಲ್ಲದ ಮದ್ದು; ಅದರ ಒತ್ತಡ ಏರುವ ಬಗೆಯೇ ಬೇರೆ. ನೂರು ವರ್ಷದ ಬೆಸುಗೆಯೊಳಗೆ ಎಲ್ಲಿಯಾದರೂ ತುಕ್ಕು ಸೇರಿದ್ದರೆ ಅದು ಹೊರಗಿನಿಂದ ಕಾಣಿಸುವುದಿಲ್ಲ; ಕಾಣಿಸುವುದು ನಳಿಗೆ ಸಿಡಿದ ಮೇಲೆ, ಅದೂ ಎಡಗೈ ಹಿಡಿದ ಜಾಗದಲ್ಲಿ. ಇನ್ನೊಂದು ಅಪಾಯವೂ ಇದೆ. ಹಳೆಯ ಕೋವಿಗಳಲ್ಲಿ ಎಷ್ಟೋ ೬೫ ಮಿಲಿಮೀಟರಿನ ತೋಟಾಕ್ಕಾಗಿ ಕೊರೆದವು. ಈಗ ಅಂಗಡಿಯಲ್ಲಿ ಸಿಕ್ಕುವುದು ಸಾಮಾನ್ಯವಾಗಿ ೭೦ರದು. ವಿಚಿತ್ರವೆಂದರೆ ೭೦ರ ತೋಟಾ ೬೫ರ ಗೂಡಿನಲ್ಲಿ ಸಲೀಸಾಗಿ ಕೂರುತ್ತದೆ! ಏಕೆಂದರೆ ಆ ಅಳತೆ, ಹಾರಿಸಿದ ಮೇಲೆ ತೋಟಾದ ಬಾಯಿಯ ಮಡಿಕೆ ಬಿಚ್ಚಿಕೊಂಡಾಗಿನ ಉದ್ದ. ಹಾರಿಸಿದಾಗ ಮಡಿಕೆ ಬಿಚ್ಚಿ ಮುಂದಿನ ಇಕ್ಕಟ್ಟಾದ ಕಂಠಕ್ಕೆ ಚಾಚುತ್ತದೆ, ಚರೆ ಹೊರಡುವ ದಾರಿ ಕಿರಿದಾಗುತ್ತದೆ, ಒತ್ತಡ ಮೇಲೇರುತ್ತದೆ. ‘ತೋಟಾ ಕೂತಿತು, ಆದ್ದರಿಂದ ಸರಿ’ ಎಂಬ ತರ್ಕ ಇಲ್ಲಿ ಸಲ್ಲದು. ನಳಿಗೆಯ ಅಡಿಯಲ್ಲಿ ಕೊರೆದ ಪರೀಕ್ಷಾಮುದ್ರೆಗಳನ್ನು ಓದಬಲ್ಲವರಿಂದ ಓದಿಸದೆ ಯಾವ ಹಳೆಯ ಕೋವಿಗೂ ತೋಟಾ ತುಂಬಬಾರದು.

ಹುಡುಗನ ಜೇಬಿನಲ್ಲಿ ಆಗಲೇ ತೋಟಾಗಳಿದ್ದುವೆಂದು ಆಮೇಲೆ ತಿಳಿಯಿತು.

ಅವನ ಮುಂದೆ ಇನ್ನೊಂದು ಬಿಕ್ಕಟ್ಟೂ ಇತ್ತು. ನಮ್ಮ ದೇಶದ ಆಯುಧ ಕಾನೂನು ೧೯೫೯ರದು, ನಿಯಮಗಳು ೨೦೧೬ರವು. ೨೦೧೯ರ ತಿದ್ದುಪಡಿಯಿಂದ ಸಾಮಾನ್ಯ ಪರವಾನಗಿದಾರನೊಬ್ಬನು ಇರಿಸಿಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಹಿರಿಯರಿಂದ ಬಂದದ್ದೂ ಆ ಎರಡರೊಳಗೇ ಲೆಕ್ಕ. ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಅಜ್ಜನ ನೆನಪನ್ನು ಉಳಿಸಿಕೊಂಡರೆ ಒಂದು ಸ್ಥಾನ ತುಂಬಿಹೋಯಿತು. ಉಳಿದ ಒಂದೇ ಸ್ಥಾನಕ್ಕೆ ಆಟದ ಕೋವಿ. ಅಲ್ಲಿ ತಪ್ಪಿದರೆ ಸುಲಭವಾಗಿ ತಿದ್ದಿಕೊಳ್ಳುವಂತಿಲ್ಲ. ಮಾರಬೇಕು, ಮತ್ತೆ ಅರ್ಜಿ, ಮತ್ತೆ ಪೊಲೀಸರ ವರದಿ, ಮತ್ತೆ ಕಾಯುವುದು. ಪಂಚೆ ಅಂಗಿಯಂತೆ ಕೊಂಡು ನೋಡಿ ಹಿಂತಿರುಗಿಸುವ ವಸ್ತುವಲ್ಲ ಇದು. ಆದ್ದರಿಂದ ಕೊಳ್ಳುವ ಮೊದಲೇ ಕುಳಿತು ಯೋಚಿಸೋಣ ಎಂದೆ.

ಮೊದಲು ಮಾಡಿದ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಎರಡು ಅಂಗೈಗಳನ್ನೂ ಮುಂದೆ ಚಾಚಿ, ಹೆಬ್ಬೆರಳುಗಳ ಬುಡದಲ್ಲಿ ಚಿಕ್ಕದೊಂದು ಕಿಂಡಿ ಬಿಟ್ಟು, ಎರಡು ಕಣ್ಣನ್ನೂ ತೆರೆದು ಆ ಕಿಂಡಿಯೊಳಗಿಂದ ದೂರದ ಒಂದು ವಸ್ತುವನ್ನು ನೋಡಬೇಕು. ಅನಂತರ ಒಂದೊಂದಾಗಿ ಕಣ್ಣು ಮುಚ್ಚಬೇಕು. ಯಾವ ಕಣ್ಣು ತೆರೆದಿರುವಾಗ ವಸ್ತು ಕಿಂಡಿಯಲ್ಲಿಯೇ ಉಳಿಯುವುದೋ ಅದು ಒಡೆಯನ ಕಣ್ಣು. ಚರೆಕೋವಿಗೆ ರೈಫಲಿನಂತೆ ಹಿಂದುಗಡೆ ಗುರಿಯ ಕಿಂಡಿಯಿಲ್ಲ. ಹೊಡೆಯುವವನ ಕಣ್ಣೇ ಹಿಂದಿನ ಗುರಿ. ಆದುದರಿಂದ ಕೋವಿಯನ್ನಾನಿಸುವ ಹೆಗಲೂ ಒಡೆಯನ ಕಣ್ಣೂ ಒಂದೇ ಕಡೆಗಿರಬೇಕು. ಕಾಲೇಜಿನ ಜಗುಲಿಯಲ್ಲಿ ನಿಂತು ದೂರದ ಬೆಟ್ಟದ ಕೋಟೆಯ ಬುರುಜೊಂದನ್ನು ಗುರಿಯಾಗಿಟ್ಟುಕೊಂಡು ನೋಡಿಸಿದೆ. ಹುಡುಗ ಬಲಗೈಯವನು, ಒಡೆಯನ ಕಣ್ಣು ಎಡಗಣ್ಣು! ಮೂರು ಬಾರಿ ಮಾಡಿಸಿದರೂ ಅದೇ. ಇಂಥವರು ವಿರಳರೇನಲ್ಲ. ಅವರಿಗೆ ಎರಡು ದಾರಿ. ಕನ್ನಡಕದ ಎಡಗಾಜಿನ ಮೇಲೆ, ಕಣ್ಣಿಗೆ ನಳಿಗೆ ಕಾಣದಂತೆ ಪುಟ್ಟ ಅಂಟುಪಟ್ಟಿ ಹಚ್ಚಿಕೊಂಡು ಬಲಹೆಗಲಿನಿಂದಲೇ ಹೊಡೆಯುವುದು ಒಂದು. ಎಡಹೆಗಲಿಗೆ ಬದಲಾಯಿಸುವುದು ಇನ್ನೊಂದು. ಹತ್ತು ವರ್ಷ ಹೊಡೆದವನಿಗೆ ಎರಡನೆಯದು ಕಷ್ಟ. ಎಂದೂ ಹೊಡೆಯದವನಿಗೆ ಅಷ್ಟೇನೂ ಇಲ್ಲ. ಹುಡುಗ ಎಡಹೆಗಲನ್ನೇ ಆರಿಸಿಕೊಂಡ. ಅವನು ಗುಟ್ಟಾಗಿ ಮಾತಾಡಿಟ್ಟಿದ್ದ ಹಳೆಯ ವಿಲಾಯತಿ ಕೋವಿಯೊಂದರ ಮರ ಬಲಹೆಗಲಿನವರಿಗೆಂದು ಹೊರಕ್ಕೆ ಬಾಗಿದ್ದು. ಮುಂಗಡ ಕೊಟ್ಟಿರಲಿಲ್ಲ, ಪುಣ್ಯ.

ಇನ್ನು ಕೋವಿಯ ಅಳತೆ. ೧೨ ಬೋರು, ೨೦ ಬೋರು ಎಂದು ಕೇಳುತ್ತೇವಷ್ಟೆ. ನಳಿಗೆಯ ಬಾಯಗಲಕ್ಕೆ ಸರಿಯಾದ ಸೀಸದ ಗುಂಡುಗಳು ಒಂದು ಪೌಂಡಿಗೆ ಎಷ್ಟು ತೂಗುವುವೋ ಅದೇ ಬೋರಿನ ಸಂಖ್ಯೆ. ಆದ್ದರಿಂದ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು. ೧೨ ಬೋರೆಂದರೆ ಸುಮಾರು ೧೮.೫ ಮಿಲಿಮೀಟರು. ಹೊಸಬನಿಗೆ ೨೦ ಬೋರು ಹಗುರ, ಆದ್ದರಿಂದ ಒಳ್ಳೆಯದು ಎಂದು ಹೇಳುವವರುಂಟು. ನಾನೂ ಅದನ್ನು ನಂಬಿದವನೇ. ಇಪ್ಪತ್ತು ವರ್ಷಗಳ ಹಿಂದೆ ಒಂದು ಹಗುರವಾದ ಕೋವಿಯನ್ನು, ಹೊರಲು ಸುಖವೆಂದು, ಅಂದವಾಗಿದೆಯೆಂದು ಕೊಂಡೆ. ಮೂರನೆಯ ದಿನ ಹೆಗಲು ಹೀಚುಗಾಯಿಯ ಬಣ್ಣಕ್ಕೆ ತಿರುಗಿತು. ಅದು ಮಾಯ್ದೀತು, ಆದರೆ ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚಿಕೊಳ್ಳುವ ಚಾಳಿ ಹತ್ತಿತು ನೋಡಿ, ಅದನ್ನು ಬಿಡಲು ಎರಡು ವರ್ಷ ಹಿಡಿಯಿತು.

ನ್ಯೂಟನ್ನನನ್ನು ದಿನವೂ ಪಾಠ ಹೇಳುತ್ತಿದ್ದವನಿಗೆ ಇದು ಮೊದಲೇ ತಿಳಿಯಬೇಕಾಗಿತ್ತು. ೨೪ ಗ್ರಾಮು ಚರೆ ಸೆಕೆಂಡಿಗೆ ಸುಮಾರು ೪೦೦ ಮೀಟರು ವೇಗದಲ್ಲಿ ಮುಂದಕ್ಕೆ ಹೋದರೆ, ಜೊತೆಗೆ ಹೊರಡುವ ಬಿರಡೆ, ಅನಿಲಗಳನ್ನೂ ಸೇರಿಸಿ, ಅಷ್ಟೇ ಸಂವೇಗ ಕೋವಿಗೆ ಹಿಂದಕ್ಕೆ ದಕ್ಕುತ್ತದೆ. ಸಂವೇಗ ಒಂದೇ ಆದಾಗ ಒದೆತದ ಶಕ್ತಿ ಕೋವಿಯ ತೂಕಕ್ಕೆ ವಿಲೋಮ. ೩.೫ ಕಿಲೋಗ್ರಾಮಿನ ಕೋವಿಗಿಂತ ೨.೭ ಕಿಲೋಗ್ರಾಮಿನದು ಶೇಕಡಾ ೩೦ರಷ್ಟು ಹೆಚ್ಚು ಒದೆಯುತ್ತದೆ. ಬೇಟೆಗಾರನು ದಿನವೆಲ್ಲ ಹೊತ್ತು ತಿರುಗಿ ನಾಲ್ಕು ಬಾರಿ ಹಾರಿಸುತ್ತಿದ್ದ. ಅವನಿಗೆ ಹಗುರ ಬೇಕು. ಬಿಲ್ಲೆ ಹೊಡೆಯುವವನು ನಿಂತಲ್ಲೇ ನಿಂತು ನೂರು ಬಾರಿ ಹಾರಿಸುತ್ತಾನೆ; ಅವನಿಗೆ ತೂಕ ಬೇಕು. ತೂಕದ ಕೋವಿ ಒಮ್ಮೆ ತಿರುಗಲಾರಂಭಿಸಿದರೆ ನಡುವೆ ನಿಲ್ಲುವುದಿಲ್ಲವೆಂಬುದು ಇನ್ನೊಂದು ಲಾಭ. ಸೆಕೆಂಡಿಗೆ ೨೦ ಮೀಟರು ವೇಗದಲ್ಲಿ ಅಡ್ಡ ಹಾಯುವ ಬಿಲ್ಲೆ ೨೦ ಮೀಟರು ದೂರದಲ್ಲಿದೆಯೆನ್ನಿ. ಚರೆ ಅಲ್ಲಿಗೆ ಮುಟ್ಟಲು ಸುಮಾರು ೦.೦೬ ಸೆಕೆಂಡು. ಅಷ್ಟರಲ್ಲಿ ಬಿಲ್ಲೆ ಒಂದು ಮೀಟರಿಗೂ ಮಿಕ್ಕಿ ಮುಂದೆ ಸಾಗಿರುತ್ತದೆ. ಕೋವಿಯನ್ನು ಬಿಲ್ಲೆಯ ಮುಂದಕ್ಕೆ ತಿರುಗಿಸುತ್ತಲೇ ಹಾರಿಸಬೇಕು. ನಿಲ್ಲಿಸಿ ಹಾರಿಸಿದರೆ ಚರೆಯೆಲ್ಲ ಬಿಲ್ಲೆಯ ಬೆನ್ನಹಿಂದೆ. ಆದ್ದರಿಂದ ೧೨ ಬೋರು, ೭೦ ಮಿಲಿಮೀಟರಿನ ಗೂಡು, ೩.೨ ಕಿಲೋಗ್ರಾಮಿಗೆ ಕಡಿಮೆಯಿಲ್ಲದ ತೂಕ, ೨೮ರಿಂದ ೩೦ ಅಂಗುಲದ ನಳಿಗೆ ಎಂದು ಬರೆಯಿಸಿದೆ.

ನಳಿಗೆಗಳು ಒಂದರ ಮೇಲೊಂದಿರಬೇಕೋ ಪಕ್ಕಪಕ್ಕದಲ್ಲಿರಬೇಕೋ? ಜಗತ್ತಿನ ಪಂದ್ಯಗಳಲ್ಲಿ ಈಗ ಕಾಣುವುದು ಬಹುಮಟ್ಟಿಗೆ ಮೇಲ್ಕೆಳಗಿನ ಜೋಡಿ. ಕಣ್ಣಿಗೆ ಒಂದೇ ನಳಿಗೆ ಕಾಣುವುದರಿಂದ ಗುರಿ ನೇರ. ಕೆಳನಳಿಗೆ ಹೆಗಲಿನ ನೇರಕ್ಕಿರುವುದರಿಂದ ಮೂತಿ ಹೆಚ್ಚು ಮೇಲೇಳದು. ಹಣವುಳ್ಳವರು ಅದನ್ನೇ ಕೊಳ್ಳಲಿ. ಆದರೆ ವಿದೇಶದಿಂದ ಹೊಸ ಕೋವಿ ತರಿಸುವ ಸವಲತ್ತು ನಮ್ಮಲ್ಲಿ ಹೆಸರು ಮಾಡಿದ ಸ್ಪರ್ಧಿಗಳಿಗೆ ಮೀಸಲು. ಹೊಸಬನಿಗೆ ದೇಶದೊಳಗೆ ಕೈಬದಲಾಗುತ್ತಿರುವ ಹಳೆಯದೇ ಗತಿ, ಅದರ ಬೆಲೆಯೋ ಮಾಸ್ತರರ ಸಂಬಳವನ್ನು ನೋಡಿ ನಗುತ್ತದೆ. ಒಂಟಿನಳಿಗೆಯದು ಅಗ್ಗ, ಆದರೆ ಹಗುರ, ಎರಡನೆಯ ಏಟಿಲ್ಲ. ಕೈಯಿಂದ ಹಿಂದೆಮುಂದೆ ಎಳೆಯುವ ಪಂಪ್ ಬಗೆಯದು ಮೈದಾನದಲ್ಲಿ ಪಕ್ಕದವನಿಗೆ ಅದು ತೆರೆದಿದೆಯೋ ಮುಚ್ಚಿದೆಯೋ ತಿಳಿಯಗೊಡದು. ನನಗೆ ಅದು ಹಿಡಿಸದು. ತಾನೇ ತುಂಬಿಕೊಳ್ಳುವ ಬಗೆಯದು ನಿರ್ಬಂಧದ ವರ್ಗಕ್ಕೆ ಸೇರಿದ್ದರಿಂದ ಅದರ ಮಾತೇ ಬೇಡ. ಉಳಿದದ್ದು ಸರ್ಕಾರಿ ಕಾರ್ಖಾನೆಯ ಪಕ್ಕಪಕ್ಕದ ಜೋಡುನಳಿಗೆ. ಒರಟು ಕೆಲಸ, ಗಟ್ಟಿ ಉಕ್ಕು. ಜೋಡುನಳಿಗೆಯನ್ನು ಬಿಚ್ಚಿ ತೋಳಿಗೆ ಹಾಕಿಕೊಂಡು ನಿಂತವನ ಕೋವಿ ಬರಿದಾಗಿರುವುದು ಹತ್ತು ಮಾರು ದೂರಕ್ಕೂ ಕಾಣುತ್ತದೆ. ಈ ಒಂದು ಗುಣಕ್ಕಾಗಿಯೇ ನಾನು ಅದರ ಪಕ್ಷ.

ಚೋಕಿನ ವಿಷಯ. ನಳಿಗೆಯ ಮೂತಿಯ ಬಳಿ ಕೂದಲೆಳೆಯಷ್ಟು ಇಕ್ಕಟ್ಟು ಮಾಡಿರುತ್ತಾರೆ. ಪೂರ್ಣ ಚೋಕಿನಲ್ಲಿಯೂ ಅದು ಒಂದು ಮಿಲಿಮೀಟರಿನಷ್ಟು ಮಾತ್ರ. ೪೦ ಗಜ ದೂರದಲ್ಲಿ ೩೦ ಅಂಗುಲ ಅಗಲದ ವೃತ್ತದೊಳಗೆ ಪೂರ್ಣ ಚೋಕು ಚರೆಯಲ್ಲಿ ಶೇಕಡಾ ೭೦ನ್ನು ಹಾಕುತ್ತದೆ, ಅರ್ಧ ಚೋಕು ೬೦ನ್ನು, ಚೋಕಿಲ್ಲದ ನಳಿಗೆ ೪೦ನ್ನು. ೨೪ ಗ್ರಾಮಿನ ತೋಟಾದಲ್ಲಿ ೨.೪ ಮಿಲಿಮೀಟರಿನ ಚರೆ ಸುಮಾರು ೩೦೦ ಇರುತ್ತವೆ. ಬಿಗಿಯಾದಷ್ಟೂ ಒಳ್ಳೆಯದೆಂದು ಹೊಸಬರ ಭ್ರಮೆ. ಟ್ರ್ಯಾಪ್ ಎಂಬ ಆಟದಲ್ಲಿ ಬಿಲ್ಲೆ ಮುಂದಿನ ಕಂದಕದಿಂದ ಎದ್ದು ದೂರ ಓಡುತ್ತದೆ; ಅಲ್ಲಿ ಬಿಗಿ ಬೇಕು. ಸ್ಕೀಟ್ ಎಂಬುದರಲ್ಲಿ ಎರಡು ಮನೆಗಳಿಂದ ಹಾರಿ ಹತ್ತಿರದಲ್ಲೇ ಅಡ್ಡ ಹಾಯುತ್ತದೆ. ಅಲ್ಲಿ ಹರವು ಬೇಕು. ಮೇಲಾಗಿ ಸ್ಕೀಟಿನಲ್ಲಿ ಬಿಲ್ಲೆ ಕಾಣುವವರೆಗೆ ಕೋವಿಯನ್ನು ಸೊಂಟದ ಬಳಿಯಲ್ಲೇ ಹಿಡಿದಿರಬೇಕೆಂಬ ಕಟ್ಟಳೆ. ಒಂದೇ ಕೋವಿಯಿಂದ ಎರಡನ್ನೂ ಕಲಿಯುವವನು ಒಂದು ನಳಿಗೆ ಅರ್ಧ, ಇನ್ನೊಂದು ಕಾಲು ಇರುವುದನ್ನು ಹುಡುಕಲಿ. ಪೂರ್ಣ ಚೋಕಿನದೇ ಸಿಕ್ಕಿದರೆ ಬಲ್ಲ ಕಸುಬಿನವನಿಂದ ಸಡಿಲಿಸಬಹುದು. ಸಡಿಲಿಸಿದ್ದನ್ನು ಮತ್ತೆ ಬಿಗಿ ಮಾಡಲಾಗದೆಂಬುದು ನೆನಪಿರಲಿ.

ಹಳೆಯದನ್ನು ನೋಡುವ ಕ್ರಮ ಹೀಗೆ. ಬರಿದೆಂದು ಎರಡು ಬಾರಿ ನೋಡಿಕೊಂಡ ಮೇಲೆ, ಮುಂಗೈಯ ಮರವನ್ನು ತೆಗೆದು, ನಳಿಗೆಯನ್ನು ಹಿಡಿದು ಕೋವಿಯನ್ನು ಅಲುಗಿಸಿ. ಕೀಲಿನಲ್ಲಿ ಕಟಕಟ ಎಂದರೆ ಕೆಳಗಿಡಿ. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಉಂಗುರದಂಥ ನೆರಳು ಕಂಡರೆ ಅಲ್ಲಿ ಉಬ್ಬಿದೆ, ಚುಕ್ಕಿಗಳು ಕಂಡರೆ ತುಕ್ಕು ತಿಂದಿದೆ. ನಳಿಗೆಗಳನ್ನು ಬೇರೆ ತೆಗೆದು ಕೊಕ್ಕೆಯಿಂದ ತೂಗುಬಿಟ್ಟು ಪೆನ್ಸಿಲಿನಿಂದ ತಟ್ಟಿ. ಗಂಟೆಯಂತೆ ನುಡಿದರೆ ನಡುವಣ ಬೆಸುಗೆ ಗಟ್ಟಿ. ಒಡೆದ ಮಡಕೆಯಂತೆ ನುಡಿದರೆ ಬಿಟ್ಟಿದೆ. ಮರದಲ್ಲಿ ಕಬ್ಬಿಣ ಕೂಡುವೆಡೆಯಲ್ಲಿ ಬಿರುಕಿದೆಯೇ ನೋಡಿ. ಮೆರುಗಿನ ಸವೆತಕ್ಕೆ, ಮರದ ಗೀರಿಗೆ ಬೆಲೆ ಇಳಿಸಿ ಕೇಳಿ, ಆದರೆ ಅದಕ್ಕಾಗಿ ಬಿಡಬೇಡಿ.

ಕಡೆಯದಾಗಿ ಮೈಗೆ ಹೊಂದುವಿಕೆ. ಕಣ್ಣು ಮುಚ್ಚಿ ಕೋವಿಯನ್ನು ಹೆಗಲಿಗೇರಿಸಿ, ಕೆನ್ನೆಯನ್ನು ಮರಕ್ಕೆ ಆನಿಸಿ, ಆಮೇಲೆ ಕಣ್ಣು ತೆರೆಯಬೇಕು. ನೋಟ ನಳಿಗೆಯ ನೆತ್ತಿಯ ಮೇಲೆ ಹಾದು ನೇರ ಮೂತಿಯ ಮಣಿಗೆ ಹೋದರೆ ಹೊಂದಿತು. ನಳಿಗೆಯ ಹಿಂಬದಿಯೇ ಅಡ್ಡ ನಿಂತರೆ ಮರ ತಗ್ಗಾಯಿತು. ಮಣಿಯ ಜೊತೆಗೆ ಇಡೀ ನಳಿಗೆ ಹಾದಿಯಂತೆ ಕಂಡರೆ ಎತ್ತರವಾಯಿತು. ವಿಲಾಯತಿಯ ಪುಸ್ತಕಗಳು ಕೊಡುವ ಉದ್ದದ ಅಳತೆಗಳು ದಪ್ಪ ಉಣ್ಣೆಯ ಕೋಟು ತೊಟ್ಟವರವು. ಯಾದಗಿರಿಯ ಬಿಸಿಲಿನಲ್ಲಿ ಒಂದೆಳೆಯ ಅಂಗಿ ತೊಟ್ಟು ನಿಲ್ಲುವವನಿಗೆ ಅದೇ ಕೋವಿ ಕೊಂಚ ಗಿಡ್ಡವೆನಿಸುತ್ತದೆ. ಹಿಂಬದಿಗೆ ರಬ್ಬರಿನ ಮೆತ್ತೆ ಹಾಕಿಸಿದರೆ ಉದ್ದವೂ ಸರಿ, ಒದೆತವೂ ಮಿದು. ಬಿಸಿಲಿನ ಮಾತು ಬಂತು: ಬೇಸಗೆಯಲ್ಲಿ ತೋಟಾಗಳನ್ನು ಮುಚ್ಚಿದ ಮೋಟಾರಿನಲ್ಲಿ ಬಿಟ್ಟುಹೋಗಬಾರದು. ಮದ್ದು ಕಾದಷ್ಟೂ ಒತ್ತಡ ಹೆಚ್ಚು.

ಕೋವಿಯ ಬೆಲೆಯನ್ನೇ ಬೆಲೆಯೆಂದು ತಿಳಿದವರು ಮೋಸಹೋಗುತ್ತಾರೆ. ಒಂದು ಸುತ್ತಿಗೆ ೨೫ ಬಿಲ್ಲೆ. ವಾರಕ್ಕೆ ಎರಡು ಸುತ್ತು ಆಡಿದರೂ, ಎರಡನೆಯ ಏಟುಗಳನ್ನು ಬಿಟ್ಟು, ವರ್ಷಕ್ಕೆ ೨,೬೦೦ ತೋಟಾ. ಪುಣೆಯ ಬಳಿ ಖಡ್ಕಿಯ ಕಾರ್ಖಾನೆಯ ‘ಶಕ್ತಿಮಾನ್’ ತೋಟಾಗಳು ನಮ್ಮಲ್ಲಿ ಹೆಸರಾದವು; ಆದರೆ ಯಾವುದನ್ನೇ ಕೊಂಡರೂ ೨೪ ಗ್ರಾಮಿನದೇ ಎಂದು ನೋಡಿ ಕೊಳ್ಳಬೇಕು. ಬೇಟೆಯ ಕಾಲದ ಭಾರದ ತೋಟಾಗಳು ಬಿಲ್ಲೆಗೆ ಅನಾವಶ್ಯಕ, ಹೆಗಲಿಗೆ ದಂಡ. ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದೆಂಬುದು ಪರವಾನಗಿಯಲ್ಲಿಯೇ ಬರೆದಿರುತ್ತದೆ. ಆತ್ಮರಕ್ಷಣೆಗೆಂದು ಪಡೆದ ಪರವಾನಗಿಯ ಅಲ್ಪ ಸಂಖ್ಯೆ ಆಟಕ್ಕೆ ಒಂದು ತಿಂಗಳೂ ಬಾರದು. ಆದ್ದರಿಂದ ಮೊದಲು ರೈಫಲ್ ಸಂಘವೊಂದರ ಸದಸ್ಯನಾಗಿ, ಅರ್ಜಿಯಲ್ಲಿ ಗುರಿಯಾಟವೆಂದೇ ಕಾರಣ ಬರೆಯುವುದು ವಿವೇಕ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ಮನೆಯಲ್ಲಿ ಬೀಗದ ಉಕ್ಕಿನ ಪೆಟ್ಟಿಗೆ: ಇವುಗಳ ಹಣವನ್ನು ಕೋವಿಯ ಹಣದಿಂದ ಮೊದಲೇ ಬೇರ್ಪಡಿಸಿಡಬೇಕು. ಬಿಲ್ಲೆಯೆಸೆಯುವ ಯಂತ್ರಗಳುಳ್ಳ ಮೈದಾನ ನಮ್ಮ ಸೀಮೆಯಲ್ಲಿ ಇಲ್ಲ. ರೈಲಿನಲ್ಲಿ ಹೈದರಾಬಾದಿಗೆ ಹೋಗಬೇಕು. ಪ್ರಯಾಣದ ಖರ್ಚೂ ಇದೇ ಲೆಕ್ಕಕ್ಕೆ. ಹೊಲದಲ್ಲಿಯೇ ಎಸೆದು ಹೊಡೆಯುತ್ತೇವೆಂದು ಯಾರೂ ಹೊರಡಬೇಡಿ. ಚರೆ ೨೦೦ ಮೀಟರನ್ನೂ ಮೀರಿ ಬೀಳುತ್ತದೆ, ಹತ್ತಿಯ ಹೊಲದಲ್ಲಿ ಬಗ್ಗಿದ ಕೂಲಿಯವರು ದೂರಕ್ಕೆ ಕಾಣುವುದಿಲ್ಲ.

ಹುಡುಗ ಎಂಟು ತಿಂಗಳು ಕಾದ. ಆ ಎಂಟು ತಿಂಗಳೂ ಕೋವಿಯಿಲ್ಲದೆ, ರಜೆ ಸಿಕ್ಕಿದಾಗ ಮೈದಾನಕ್ಕೆ ಹೋಗಿ ಬಲ್ಲವರ ಹಿಂದೆ ನಿಂತು ನೋಡಿದ. ಕೊನೆಗೆ ಕೊಂಡದ್ದು ಸರ್ಕಾರಿ ಕಾರ್ಖಾನೆಯ ಜೋಡುನಳಿಗೆ. ಬಾಗಿಲ್ಲದ ನೇರ ಮರ, ಆದ್ದರಿಂದ ಎಡಹೆಗಲಿಗೂ ಒಗ್ಗಿತು. ಒಂದು ನಳಿಗೆಯ ಚೋಕನ್ನು ಸಡಿಲಿಸಿ, ಮೆತ್ತೆ ಹಾಕಿಸಿದ. ಅಜ್ಜನ ಕೋವಿ ಮಾರಿದ್ದರೆ ಎರಡನೆಯ ಸ್ಥಾನ ಬಿಡುವಾಗುತ್ತಿತ್ತೆಂದು ನಾನು ಸೂಚಿಸಿದೆ. “ಮುತ್ಯಾನ ಕೈ ತಾಗಿದ್ದು ಸರ್, ಹೊಡೆಯೂದು ಬ್ಯಾಡ, ಮನ್ಯಾಗ ಇರಲಿ” ಎಂದ. ಎರಡು ಸ್ಥಾನಗಳೂ ಹಾಗೆ ತುಂಬಿದವು. ಅದರ ಎರಡು ಗೂಡುಗಳಿಗೂ ಈಗ ಮರದ ಬಿರಡೆ ಬಡಿದಿಟ್ಟಿದ್ದಾನೆ.

ಮೊದಲನೆಯ ದಿನ ಅವನು ೨೫ರಲ್ಲಿ ಒಡೆದದ್ದು ಏಳು ಬಿಲ್ಲೆ. ನಾನು ನನ್ನ ಮೊದಲನೆಯ ದಿನ ಒಡೆದದ್ದು ಎರಡು. ಅದನ್ನು ಅವನಿಗೆ ಇನ್ನೂ ಹೇಳಿಲ್ಲ.